ತಿಂದದ್ದು ಮೀನಿನ ಮೈಗೆ ಹತ್ತುತ್ತಿಲ್ಲವೇ? ಹೀಗೆ ಹುಡುಕಿ

ಜನವರಿ ಕೊನೆಯಲ್ಲಿ ಪಕ್ಕದೂರಿನ ಹುಡುಗನೊಬ್ಬ ಫೋನ್ ಮಾಡಿದ. ಅವನದು ಹತ್ತು ಗುಂಟೆಯ ಕೊಳ. ಆಗಸ್ಟಿನಲ್ಲಿ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮೂರೂ ಸೇರಿಸಿ 600 ಮರಿ ಬಿಟ್ಟಿದ್ದ. "ಅಣ್ಣಾ, ದಿನಾ ಮೂರು ಕೆಜಿ ತೌಡು-ಹಿಂಡಿ ಹಾಕ್ತಿದೀನಿ. ಹಾಕಿದ್ದೆಲ್ಲ ಖಾಲಿಯಾಗ್ತಿದೆ. ಮೀನು ಮಾತ್ರ ಅಂಗೈಗಿಂತ ದೊಡ್ಡದಾಗ್ತಿಲ್ಲ. ನಾಳೆಯಿಂದ ಐದು ಕೆಜಿ ಹಾಕಲಾ?"

ಬೇಡ ಅಂದೆ. ಮೀನು ಸಾಕುವವರೆಲ್ಲ ಮೊದಲು ಮಾಡುವ ತಪ್ಪೇ ಇದು. ಬೆಳೆಯುತ್ತಿಲ್ಲ ಅಂದರೆ ಮೇವು ಸಾಲುತ್ತಿಲ್ಲ ಅಂತ ಅಂದುಕೊಳ್ಳುತ್ತೇವೆ. ನಾನೂ ಶುರುವಿನಲ್ಲಿ ಹೀಗೇ ಎರಡು ವರ್ಷ ಹಿಂಡಿಯ ದುಡ್ಡನ್ನು ನೀರಿಗೆ ಸುರಿದಿದ್ದೇನೆ. ಮೇವು ನಮ್ಮ ಕೈಬಿಟ್ಟ ಮೇಲೆ ಮೀನಿನ ಮಾಂಸವಾಗುವ ತನಕ ಬಹಳ ದೂರ ಹೋಗಬೇಕು. ದಾರಿಯಲ್ಲಿ ಎಲ್ಲಿ ಬೇಕಾದರೂ ಸೋರಬಹುದು. ಸೋರುವ ಜಾಗ ಗೊತ್ತಾಗದೆ ಮೇವು ಹೆಚ್ಚಿಸಿದರೆ ತೂತು ಕೊಡಕ್ಕೆ ಇನ್ನಷ್ಟು ನೀರು ಹೊಯ್ದಂತೆ.

ಸೋರಿಕೆ ಎಷ್ಟು ಅಂತ ಅಂದಾಜಿಗೆ ಒಂದು ಲೆಕ್ಕ ಹೇಳುತ್ತೇನೆ. ಬ್ರೆಟ್ ಮತ್ತು ಗ್ರೋವ್ಸ್ ಎಂಬ ವಿಜ್ಞಾನಿಗಳು 1979ರಲ್ಲಿ ಬೇರೆ ಬೇರೆ ಮೀನುಗಳ ಲೆಕ್ಕ ಸೇರಿಸಿ ಒಂದು ಸರಾಸರಿ ಕೊಟ್ಟಿದ್ದಾರೆ. ಸೊಪ್ಪು, ಪಾಚಿ ತಿನ್ನುವ ಮೀನು 100 ಪಾಲು ಶಕ್ತಿಯಷ್ಟು ತಿಂದರೆ 43 ಪಾಲು ಹಿಕ್ಕೆಯಾಗಿ, ಮೂತ್ರವಾಗಿ, ಕಿವಿರಿನಿಂದ ಹೊರಗೆ ಹೋಗುತ್ತದೆ. 37 ಪಾಲು ಉಸಿರಾಡಲು, ಈಜಲು, ತಿಂದದ್ದನ್ನು ಅರಗಿಸಲು ಖರ್ಚು. ಮೈಗೆ ಹತ್ತುವುದು 20 ಪಾಲು ಮಾತ್ರ. ಬೇರೆ ಮೀನನ್ನು ತಿಂದು ಬದುಕುವ ಮೀನಿಗೆ ಇದು 29 ಪಾಲು. ಎಲ್ಲ ಸರಿಯಿದ್ದಾಗಲೇ ಇಷ್ಟು. ಒಂದು ಕಡೆ ಎಡವಟ್ಟಾದರೂ ಮೊದಲು ಕಡಿಮೆಯಾಗುವುದು ಆ 20. ಬದುಕಿನ ಖರ್ಚನ್ನು ಮೀನು ಬಿಡುವುದಿಲ್ಲ, ಬೆಳೆಯುವುದನ್ನು ಬಿಡುತ್ತದೆ.

ಮೊದಲು ತಕ್ಕಡಿ ಹಿಡಿಯಿರಿ

"ಬೆಳೆಯುತ್ತಿಲ್ಲ" ಅನ್ನುವುದು ಕಣ್ಣಂದಾಜು. ಏರಿಯ ಮೇಲೆ ನಿಂತು ನೋಡಿದರೆ ಮೇಲೆ ಬರುವ ನಾಲ್ಕು ಮೀನು ಕಾಣುತ್ತದೆ ಅಷ್ಟೇ. ಬೀಸುಬಲೆ ತಂದು ಮೂರು ಬೇರೆ ಬೇರೆ ಜಾಗದಲ್ಲಿ ಬೀಸಿ. ಸಿಕ್ಕ ಮೀನನ್ನು ಜಾತಿವಾರು ಬಕೆಟ್ಟಿಗೆ ಹಾಕಿ ಎಣಿಸಿ, ತೂಗಿ, ಬಿಡಿ. ಬಿಸಿಲು ಏರುವ ಮುಂಚೆ ಮುಗಿಸಿ. ತಿಂಗಳಿಗೊಮ್ಮೆ ಇದನ್ನು ಮಾಡಿ ಬರೆದಿಟ್ಟವರಿಗೆ ಅರ್ಧ ಸಮಸ್ಯೆ ಬರುವುದೇ ಇಲ್ಲ.

ಲೆಕ್ಕ ಸುಲಭ. 500 ಮೀನು ತಿಂಗಳಲ್ಲಿ 200 ಗ್ರಾಂನಿಂದ 240 ಗ್ರಾಂಗೆ ಬಂದರೆ ಒಟ್ಟು 20 ಕೆಜಿ ಹೆಚ್ಚಾಯಿತು. ಅದಕ್ಕೆ 60 ಕೆಜಿ ಮೇವು ಹಾಕಿದ್ದರೆ ಒಂದು ಕೆಜಿ ಮೀನಿಗೆ ಮೂರು ಕೆಜಿ ಮೇವು. ಒಳ್ಳೆಯ ಗುಳಿಗೆ ಮೇವಾದರೆ 1.5ರಿಂದ 2 ಬರಬೇಕು. ತೌಡು-ಹಿಂಡಿಗೆ 3ರ ಆಸುಪಾಸು ಪರವಾಗಿಲ್ಲ. 5 ದಾಟಿದರೆ ಸೋರುತ್ತಿದೆ ಅಂತ ಅರ್ಥ.

ತೂಗುವಾಗಲೇ ಮೀನಿನ ಆಕಾರ ನೋಡಿ. ತಲೆ ದಪ್ಪ, ಬೆನ್ನು ಚೂಪು, ಬಾಲದ ಕಡೆ ಒಣಕಲು ಆಗಿದ್ದರೆ ಹೊಟ್ಟೆಗಿಲ್ಲ. ಮೈ ದುಂಡಗಿದ್ದು ಗಾತ್ರ ಮಾತ್ರ ಸಣ್ಣದಿದ್ದರೆ ಬೇರೆ ಕಥೆ. ಒಂದೇ ಜಾತಿ ಸಣ್ಣದಿದ್ದು ಉಳಿದವು ಚೆನ್ನಾಗಿದ್ದರೆ ಅದೂ ಬೇರೆ. ಇದನ್ನು ಗುರುತು ಹಾಕಿಕೊಂಡು ಮುಂದಕ್ಕೆ ಹೋಗೋಣ.

ಮೇವು ಬಾಯಿಗೆ ಹೋಗುತ್ತಿದೆಯೇ?

ಮೀನಿನ ಬಾಯಿ ನೋಡಿದರೆ ಅದರ ಊಟದ ಜಾಗ ಗೊತ್ತಾಗುತ್ತದೆ. ಕಾಟ್ಲಾದ ಬಾಯಿ ಮೇಲಕ್ಕೆ ತೆರೆದಿರುತ್ತದೆ. ನೀರಿನ ಮೇಲ್ಪದರದ ಕಣ್ಣಿಗೆ ಕಾಣದಂಥ ಹುಳುಗಳನ್ನು ಕಿವಿರಿನ ಜಾಲರಿಯಲ್ಲಿ ಸೋಸಿ ತಿನ್ನುತ್ತದೆ. ರೋಹುವಿನ ತುಟಿಗೆ ಸೆರಗಿನ ಕುಚ್ಚಿನ ಹಾಗೆ ಅಂಚು ಇರುತ್ತದೆ. ಅದು ನಡುನೀರಿನದು. ಮೃಗಾಲ್, ಸಾಮಾನ್ಯ ಗೆಂಡೆ ತಳ ಕೆದಕುವವು. ಹಿಟ್ಟಿನಂಥ ತೌಡನ್ನು ಸುಮ್ನೆ ಎರಚಿದರೆ ಅರ್ಧ ಗಾಳಿಗೆ ತೇಲಿ ಅಂಚಿಗೆ ಹೋಗುತ್ತದೆ, ಉಳಿದದ್ದು ಕೆಸರಿಗೆ ಬೀಳುತ್ತದೆ. ಕಾಟ್ಲಾ ಸೊರಗಿ ಗೆಂಡೆ ಮಾತ್ರ ದಪ್ಪಗಿದ್ದರೆ ಸೋರಿಕೆ ಇಲ್ಲೇ.

"ಹಾಕಿದ್ದೆಲ್ಲ ಖಾಲಿಯಾಗ್ತಿದೆ" ಅನ್ನುವುದನ್ನು ನಂಬಬೇಡಿ. ನೀರಿಗೆ ಬಿದ್ದ ಮೇವು ಕಾಣದಿರುವುದಕ್ಕೂ ಮೀನು ತಿಂದದ್ದಕ್ಕೂ ಸಂಬಂಧವಿಲ್ಲ. ಹಳೇ ಪ್ಲಾಸ್ಟಿಕ್ ತಟ್ಟೆಗೆ ನಾಲ್ಕು ಕಡೆ ಹಗ್ಗ ಕಟ್ಟಿ, ಒಂದು ಕಲ್ಲಿಟ್ಟು, ಉಂಡೆ ಮಾಡಿದ ಮೇವು ಹಾಕಿ ಎರಡು ಅಡಿ ಆಳಕ್ಕೆ ಇಳಿಬಿಡಿ. ಎರಡು ಗಂಟೆ ಬಿಟ್ಟು ಎತ್ತಿ ನೋಡಿ. ಉಳಿದಿದ್ದರೆ ಮೇವು ಜಾಸ್ತಿ, ಇಲ್ಲವೇ ಮೀನಿಗೆ ಹಸಿವಿಲ್ಲ. ಅರ್ಧ ಗಂಟೆಯಲ್ಲೇ ಬರಿದಾದರೆ ಕಡಿಮೆ.

ಇನ್ನೊಂದು ಉಪಾಯ ಆಂಧ್ರದವರದು. ಖಾಲಿ ಗೊಬ್ಬರದ ಚೀಲವನ್ನು ಚೆನ್ನಾಗಿ ತೊಳೆದು, ತಳದಲ್ಲಿ ಎರಡು ಸಾಲು ತೂತು ಮಾಡಿ, ತೌಡು-ಹಿಂಡಿ ತುಂಬಿ ಬಿದಿರಿಗೆ ಕಟ್ಟಿ ಮುಳುಗಿಸುತ್ತಾರೆ. ಮೀನುಗಳು ಬಂದು ತೂತಿನಿಂದ ಚೀಪುತ್ತವೆ. ಸಂಜೆಗೆ ಚೀಲ ಎತ್ತಿದರೆ ಎಷ್ಟು ಹೋಯಿತು ಅಂತ ಕಣ್ಣಾರೆ ಕಾಣುತ್ತದೆ. ನಾನು ಈಗ ಮಾಡುವುದು ಇದನ್ನೇ.

ನಮ್ಮ ಹುಡುಗ ತಟ್ಟೆ ಇಳಿಬಿಟ್ಟು ನೋಡಿದ. ಬೆಳಿಗ್ಗೆ ಆರಕ್ಕೆ ಹಾಕಿದ್ದು ಎಂಟಕ್ಕೂ ಹಾಗೇ ಇತ್ತು. ಹತ್ತಕ್ಕೆ ಹಾಕಿದ್ದು ಮುಕ್ಕಾಲು ಗಂಟೆಯಲ್ಲಿ ಚೊಕ್ಕಟ. ಈ ವ್ಯತ್ಯಾಸಕ್ಕೆ ಆಮೇಲೆ ಬರುತ್ತೇನೆ.

ಒಂದು ಮೀನು ಕೊಯ್ದು ನೋಡಿ

ಇದನ್ನು ಯಾರೂ ಮಾಡುವುದಿಲ್ಲ. ಆದರೆ ಕರುಳಿನಷ್ಟು ಸತ್ಯ ಹೇಳುವ ಸಾಕ್ಷಿ ಇನ್ನೊಂದಿಲ್ಲ. ಮೇವು ಹಾಕಿ ಎರಡು-ಮೂರು ಗಂಟೆಯ ಮೇಲೆ ಎರಡು ಮೀನು ಹಿಡಿದು ಹೊಟ್ಟೆ ಸೀಳಿ. ನೋಡಿದ ಮೇಲೆ ಹೇಗೂ ಸಾರಿಗೆ ಆಯಿತಲ್ಲ!

ಒಳಗೆ ಹೊಟ್ಟೆಚೀಲ ಹುಡುಕಬೇಡಿ, ಸಿಗುವುದಿಲ್ಲ. ಕಾಟ್ಲಾ, ರೋಹು ಸೇರಿದ ಗೆಂಡೆ ಜಾತಿಗೆ ಜಠರವೇ ಇಲ್ಲ. ಬೇಟೆಯಾಡುವ ಕೊರವ ಮೀನಿಗೆ ಇದೆ, ಅದು ಇಡೀ ಮೀನನ್ನು ನುಂಗಿ ಆಮ್ಲದಲ್ಲಿ ಕರಗಿಸಿಕೊಳ್ಳುತ್ತದೆ. ಕಾಟ್ಲಾ, ರೋಹು, ಗೆಂಡೆಗಳಿಗೆ ದವಡೆಯಲ್ಲಿ ಹಲ್ಲೂ ಇಲ್ಲ. ಇರುವುದು ಗಂಟಲಲ್ಲಿ. ಅಲ್ಲಿ ಅರೆದದ್ದು ನೇರ ಕರುಳಿಗೆ. ರೋಹುವಿನ ಕರುಳು ಬಿಡಿಸಿದರೆ ಅದರ ಮೈಯುದ್ದದ ಎಷ್ಟೋ ಪಟ್ಟು ಇರುತ್ತದೆ, ಶ್ಯಾವಿಗೆಯ ಹಾಗೆ ಸುತ್ತಿಕೊಂಡು.

ಇದರಿಂದ ನಮಗೇನಾಗಬೇಕು ಅಂತೀರಾ? ಕೂಡಿಟ್ಟುಕೊಳ್ಳಲು ಚೀಲವಿಲ್ಲದ ಪ್ರಾಣಿ ಒಂದೇ ಸಲ ಜಾಸ್ತಿ ತಿನ್ನಲಾರದು. ಎಮ್ಮೆಗೆ ಹಾಕಿದ ಹಾಗೆ ಬೆಳಿಗ್ಗೆ ಒಂದು ಬುಟ್ಟಿ ಸುರಿದು ಹೋದರೆ ಅದು ತಿನ್ನುವಷ್ಟು ತಿಂದು ಬಿಡುತ್ತದೆ, ಉಳಿದದ್ದು ಕೊಳೆಯುತ್ತದೆ. ಆಸೆಬಿದ್ದು ಹೆಚ್ಚು ತಿಂದರೂ ಹಿಂದಿನಿಂದ ನೂಕಿಕೊಂಡು ಅರ್ಧಂಬರ್ಧ ಅರಗಿದ್ದೇ ಹೊರಬೀಳುತ್ತದೆ. ಅದೇ ಮೂರು ಕೆಜಿಯನ್ನು ಎರಡು-ಮೂರು ಸಲಕ್ಕೆ ಹಂಚಿ ಹಾಕಿದರೆ ಮೈಗೆ ಹತ್ತುವುದು ಹೆಚ್ಚು, ಖರ್ಚು ಅಷ್ಟೇ.

ಈಗ ಕರುಳಿನ ಬಣ್ಣ ನೋಡಿ. ಒಳಗೆ ತೌಡಿನ ಬಣ್ಣವಿದ್ದರೆ ಸರಿ. ಹಸಿರು ಅಥವಾ ಕಂದು ಇದ್ದರೆ ಪಾಚಿ, ಕೊಳೆತ ಎಲೆ ತಿಂದಿದೆ. ತಪ್ಪೇನಿಲ್ಲ, ಅದು ಪುಕ್ಕಟೆ ಊಟ. ಬರೀ ಕೆಸರು ತುಂಬಿದ್ದರೆ ಹಸಿವಿಗೆ ತಳ ಅಗೆಯುತ್ತಿದೆ. ಕರುಳು ಖಾಲಿ ಇದ್ದು, ಪಿತ್ತಕೋಶ ಊದಿ ಕಡುಹಸಿರಾಗಿದ್ದರೆ ಮೀನು ತಿಂದು ಬಹಳ ಹೊತ್ತಾಗಿದೆ. ಊಟ ಬಂದಾಗ ಕರುಳಿಗೆ ಇಳಿಯಬೇಕಾದ ಪಿತ್ತ ಅಲ್ಲೇ ನಿಂತಿರುತ್ತದೆ. ಮೇವು ಹಾಕಿ ಮೂರು ಗಂಟೆಯಾದರೂ ಹೀಗಿದ್ದರೆ ದೋಷ ಮೇವಿನ ಪ್ರಮಾಣದಲ್ಲಿಲ್ಲ, ಹಸಿವಿನಲ್ಲಿದೆ.

ಕರುಳಿನ ಸುತ್ತ ಬಿಳಿ ಕೊಬ್ಬು ಗಟ್ಟಿಯಾಗಿ ಕೂತಿದೆಯೇ? ಹಾಗಾದರೆ ತೌಡು ಜಾಸ್ತಿ, ಹಿಂಡಿ ಕಡಿಮೆ. ಮಾಂಸ ಕಟ್ಟಲು ಪ್ರೋಟೀನ್ ಬೇಕು. ಅದಿಲ್ಲದೆ ಬರೀ ಶಕ್ತಿ ಸಿಕ್ಕರೆ ಮೀನು ಕೊಬ್ಬು ಮಾಡಿ ಇಡುತ್ತದೆ. ಕಡಲೆಕಾಯಿ ಹಿಂಡಿಯಲ್ಲಿ ಪ್ರೋಟೀನ್ 40 ಶೇಕಡಾ ದಾಟುತ್ತದೆ, ಅಕ್ಕಿ ತೌಡಿನಲ್ಲಿ 12-13 ಮಾತ್ರ. ಸಮ ಸಮ ಬೆರೆಸಿದರೆ 27ರ ಹತ್ತಿರ ಬರುತ್ತದೆ, ಗೆಂಡೆಗಳಿಗೆ ಅದು ಸಾಕು. ಹಾಗಂತ ಹಿಂಡಿಯೊಂದನ್ನೇ ಹಾಕಿದರೂ ನಷ್ಟ. ಹೆಚ್ಚಿದ ಪ್ರೋಟೀನನ್ನು ಮೀನು ಸೌದೆಯ ಹಾಗೆ ಉರಿಸುತ್ತದೆ. ಅದರ ಹೊಗೆಯೇ ಅಮೋನಿಯಾ. ನಾವು ಯೂರಿಯಾ ಮಾಡಿ ಮೂತ್ರದಲ್ಲಿ ಬಿಡುತ್ತೇವೆ, ಅದಕ್ಕೆ ಶಕ್ತಿ ಖರ್ಚು. ಮೀನಿಗೆ ಸುತ್ತ ನೀರಿದೆ, ಕಿವಿರಿನಿಂದ ಅಮೋನಿಯಾವನ್ನು ಹಾಗೇ ಬಿಟ್ಟುಬಿಡುತ್ತದೆ. ದುಬಾರಿ ಹಿಂಡಿ ಕೊಂಡು ನೀರಿಗೆ ವಿಷ ಬೆರೆಸಿದಂತೆ ಅಲ್ವಾ? ಪಾಚಿ ದಟ್ಟವಾಗಿ ಮಧ್ಯಾಹ್ನ ನೀರಿನ ಪಿಎಚ್ 9 ದಾಟುವ ಕೊಳದಲ್ಲಂತೂ ಅದೇ ಅಮೋನಿಯಾ ಬಹಳ ಕೆಟ್ಟದ್ದು.

ಮೇವನ್ನೂ ಒಮ್ಮೆ ಮೂಸಿ ನೋಡಿ. ತೌಡಿನಲ್ಲಿ ಎಣ್ಣೆಯಂಶವಿದೆ, ತಿಂಗಳುಗಟ್ಟಲೆ ಇಟ್ಟರೆ ಕಮಟು ಹಿಡಿಯುತ್ತದೆ. ಹಿಂಡಿಗೆ ಬೂಷ್ಟು ಬಂದಿದ್ದರೆ ಒಣಗಿಸಿ ಹಾಕುತ್ತೇನೆ ಅನ್ನಬೇಡಿ. ಕಡಲೆಕಾಯಿಯ ಬೂಷ್ಟಿನಲ್ಲಿ ಅಫ್ಲಾಟಾಕ್ಸಿನ್ ಅನ್ನುವ ವಿಷ ಇರಬಹುದು. ಅದು ಬಿಸಿಲಿಗೆ ಹೋಗುವುದಿಲ್ಲ, ಮೀನಿನ ಲಿವರನ್ನು ಕೆಡಿಸುತ್ತದೆ.

ಹಸಿವಿಲ್ಲದ್ದಕ್ಕೆ ಕಾರಣ: ಉಸಿರು

ಬೆಳಿಗ್ಗೆ ಆರರ ತಟ್ಟೆ ಯಾಕೆ ಹಾಗೇ ಉಳಿಯಿತು ಅಂದೆನಲ್ಲ, ಕಾರಣ ಇಲ್ಲಿದೆ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. 30 ಡಿಗ್ರಿ ಬಿಸಿಯ ಒಂದು ಲೀಟರ್ ನೀರು ಗಾಳಿಯಿಂದ ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ ಏಳೂವರೆ ಮಿಲಿಗ್ರಾಂ. ಆ ಏಳೂವರೆಯಲ್ಲೇ ಮೀನು ಬದುಕಬೇಕು. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿಯಿಡೀ ಅದೇ ಪಾಚಿ, ಮೀನು, ತಳದ ಕೊಳೆ ಎಲ್ಲ ಸೇರಿ ಖರ್ಚು ಮಾಡುತ್ತವೆ. ಸೂರ್ಯ ಹುಟ್ಟುವ ಹೊತ್ತಿಗೆ ಕೊಳ ದಿನದಲ್ಲೇ ಅತಿ ಬಡವಾಗಿರುತ್ತದೆ. 5 ಮಿಲಿಗ್ರಾಂ ಇದ್ದರೆ ಮೀನು ಚೆನ್ನಾಗಿ ತಿನ್ನುತ್ತದೆ. 3ಕ್ಕಿಂತ ಕೆಳಗಿಳಿದರೆ ಊಟ ಬಿಡುತ್ತದೆ. ಇನ್ನೂ ಇಳಿದರೆ ಮೇಲೆ ಬಂದು ಬಾಯಿ ಕಳೆಯುತ್ತದೆ.

ಊಟ ಬಿಡುವುದು ಮೀನಿನ ಮಟ್ಟಿಗೆ ಜಾಣತನವೇ. ತಿಂದದ್ದನ್ನು ಅರಗಿಸಲು ಉಸಿರು ಬೇಕು. ಊಟವಾದ ಮೇಲೆ ಕೆಲವು ಗಂಟೆ ಮೀನು ಎಂದಿಗಿಂತ ಹೆಚ್ಚು ಆಮ್ಲಜನಕ ಎಳೆಯುತ್ತದೆ. ನಾವು ಮದುವೆ ಊಟ ಮಾಡಿ ಏದುಸಿರು ಬಿಡುತ್ತೇವಲ್ಲ, ಹಾಗೆ. ಹೊಟ್ಟೆ ತುಂಬಿದ ಮೀನು ಆಮ್ಲಜನಕವಿಲ್ಲದ ನೀರಿನಲ್ಲಿ ಮೊದಲು ಸಾಯುತ್ತದೆ. ಮೋಡ ಮುಸುಕಿದ ದಿನ ಮೇವು ಹಾಕಬೇಡಿ ಅಂತ ಹೇಳುವುದು ಇದಕ್ಕೇ.

ಮೀಟರ್ ಇಲ್ಲದಿದ್ದರೆ ಕೈ ಇದೆ. ಮೊಣಕೈವರೆಗೆ ನೀರಿಗಿಳಿಸಿ ಅಂಗೈ ನೋಡಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾದರೆ ಪಾಚಿ ಹದವಾಗಿದೆ. ಮಣಿಕಟ್ಟು ಮುಳುಗುವಾಗಲೇ ಮಾಯವಾದರೆ ಅತಿಯಾಗಿದೆ, ಪಾಚಿ ಬೆಳೆಯಲೆಂದು ಹಾಕುವ ಸಗಣಿ ನಿಲ್ಲಿಸಿ, ಒಂದಷ್ಟು ನೀರು ಬದಲಿಸಿ. ಮೊಣಕೈ ಪೂರ್ತಿ ಮುಳುಗಿದರೂ ಕೈಬೆರಳು ಲಕ್ಷಣವಾಗಿ ಕಂಡರೆ ನೀರಲ್ಲಿ ತಿನ್ನಲು ಏನೂ ಇಲ್ಲ. ಕಾಟ್ಲಾ ಒಣಗುವುದು ಇಂಥ ಕೊಳದಲ್ಲೇ. ಕೆಂಪು ಮಣ್ಣು ಕಲಸಿದ ನೀರಿಗೆ ಈ ಪರೀಕ್ಷೆ ನಡೆಯದು.

ಮೇವಿನ ಹೊತ್ತನ್ನು ಬೆಳಿಗ್ಗೆ ಒಂಬತ್ತೂವರೆ-ಹತ್ತಕ್ಕೂ ಮಧ್ಯಾಹ್ನ ಮೂರೂವರೆಗೂ ಬದಲಿಸಿ. ಹುಡುಗನಿಗೆ ಹೇಳಿದ್ದೂ ಅದನ್ನೇ. ಅವನು ಹಾಲು ಹಾಕಲು ಡೈರಿಗೆ ಹೋಗುವ ದಾರಿಯಲ್ಲಿ ಮೇವು ಚೆಲ್ಲಿ ಹೋಗುತ್ತಿದ್ದ, ಅದಕ್ಕೇ ಆರು ಗಂಟೆ.

ಚಳಿ ಇದ್ದಾಗ ತಲೆ ಕೆಡಿಸಿಕೊಳ್ಳಬೇಡಿ

ಕೋಳಿ ತನ್ನ ಮೈಯನ್ನು 41 ಡಿಗ್ರಿಯಲ್ಲಿ ಇಟ್ಟುಕೊಳ್ಳಲು ಕಾಳಿನ ಒಂದು ಪಾಲನ್ನು ಉರಿಸಲೇಬೇಕು. ಮೀನಿಗೆ ಆ ಖರ್ಚಿಲ್ಲ. ಕಡಿಮೆ ಮೇವಿನಲ್ಲಿ ಮೀನು ಬೆಳೆಯುವ ಗುಟ್ಟಲ್ಲಿ ಇದೂ ಒಂದು. ಆದರೆ ನೀರು ತಣ್ಣಗಾದರೆ ಮೀನೂ ತಣ್ಣಗಾಗುತ್ತದೆ. 10 ಡಿಗ್ರಿ ಇಳಿದರೆ ಮೈಯೊಳಗಿನ ಕೆಲಸ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಅರಗುವುದೂ ನಿಧಾನ. ನಮ್ಮ ಗೆಂಡೆಗಳಿಗೆ 25ರಿಂದ 32 ಡಿಗ್ರಿ ಹಿತ. ಡಿಸೆಂಬರ್-ಜನವರಿಯಲ್ಲಿ ಬೆಳವಣಿಗೆ ಮಂದವಾದರೆ ಅದು ದೋಷವಲ್ಲ. ಮೇವು ಅರ್ಧ ಮಾಡಿ, ಬಿಸಿಲೇರಿದ ಮೇಲೆ ಹಾಕಿ, ಸುಮ್ಮನಿರಿ.

ಬೇರೆ ಯಾರೋ ಉಣ್ಣುತ್ತಿದ್ದಾರೆಯೇ?

ಹುಡುಗನ ಕೊಳದಲ್ಲಿ ಮೂರು ಸಲ ಬಲೆ ಬೀಸಿದೆವು. ಒಟ್ಟು 41 ಮೀನು. ಅದರಲ್ಲಿ 23 ಜಿಲೇಬಿ! ಅವನು ಒಂದೂ ಬಿಟ್ಟಿರಲಿಲ್ಲ. ಕಾಲುವೆ ನೀರಿನ ಜೊತೆ ಬಂದಿರಬೇಕು, ನೀರು ಬರುವ ಪೈಪಿಗೆ ಜಾಲರಿ ಇರಲಿಲ್ಲ. ಕಾಟ್ಲಾ, ರೋಹುಗಳ ಸರಾಸರಿ 150 ಗ್ರಾಂ.

ಜಿಲೇಬಿ, ಅಂದರೆ ತಿಲಾಪಿಯಾ, ನಮ್ಮ ನೆಲದ್ದಲ್ಲ. ಆಫ್ರಿಕಾದ್ದು, 1952ರಲ್ಲಿ ಭಾರತಕ್ಕೆ ತಂದದ್ದು. ಎರಡು-ಮೂರು ತಿಂಗಳಿಗೇ ಮೊಟ್ಟೆಗೆ ಬರುತ್ತದೆ. ತಾಯಿ ಮೊಟ್ಟೆಯನ್ನು ಬಾಯಲ್ಲೇ ಇಟ್ಟುಕೊಂಡು ಮರಿ ಮಾಡುತ್ತದೆ, ಅಷ್ಟು ದಿನ ಉಪವಾಸ. ತಾಯ್ತನ ದೊಡ್ಡದು, ಒಪ್ಪಿದೆ. ಆದರೆ ಮರಿಗಳೆಲ್ಲ ಬದುಕಿ ಕೊಳ ತುಂಬಿ, ನಾವು ಹಾಕಿದ ಮೇವನ್ನು ಮೊದಲು ಮುಟ್ಟುವುದು ಅವೇ. 600 ಮೀನಿನ ಲೆಕ್ಕದಲ್ಲಿ ಹಾಕಿದ ಮೇವಿಗೆ ಸಾವಿರಾರು ಬಾಯಿ.

ಹೊರಗಿನವರು ಇಲ್ಲದಿದ್ದರೂ ಮನೆಯವರೇ ಇದನ್ನು ಮಾಡಬಹುದು. ಸಾಮಾನ್ಯ ಗೆಂಡೆ ನಮ್ಮ ಬಿಸಿ ಸೀಮೆಯಲ್ಲಿ ಆರು ತಿಂಗಳಿಗೇ ಬಲಿತು ಕೊಳದ ಜೊಂಡಿನಲ್ಲೇ ಮೊಟ್ಟೆ ಇಡುತ್ತದೆ. ಮಾಂಸಕ್ಕೆ ಹೋಗಬೇಕಾದ ಶಕ್ತಿ ಮೊಟ್ಟೆಗೆ ಹೋಯಿತು, ಮೇಲಿಂದ ಮರಿಗಳ ಹಿಂಡು ಬೇರೆ. ಹೊಟ್ಟೆ ಸೀಳಿದಾಗ 200 ಗ್ರಾಂನ ಗೆಂಡೆಯೊಳಗೆ ಹಳದಿ ತತ್ತಿ ತುಂಬಿದ್ದರೆ ಸಮಸ್ಯೆ ಇದೇ. ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ಹಂಗೇರಿಯ ತಳಿ ತರಿಸಿ ಅಮುರ್ ಗೆಂಡೆಯನ್ನು ಬೆಳೆಸಿದ್ದು ಇದಕ್ಕೇ. ಅದು ತಡವಾಗಿ ಬಲಿಯುತ್ತದೆ, ಅಲ್ಲಿಯತನಕ ಮೈ ಬೆಳೆಯುತ್ತದೆ. ಕಾಟ್ಲಾ, ರೋಹು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ. ಎರಡನೇ ವರ್ಷದ ಬೇಸಿಗೆಯಲ್ಲಿ ಮಾತ್ರ ಹೊಟ್ಟೆಯಲ್ಲಿ ತತ್ತಿ ಕಟ್ಟಿಕೊಂಡು ಬೆಳವಣಿಗೆ ನಿಲ್ಲಿಸುತ್ತವೆ. ಅಷ್ಟರೊಳಗೆ ಮಾರಿದರೆ ಲಾಭ.

ಮರಿ ಮಾರಿದವರನ್ನು ಬೈಯುವ ಮುಂಚೆ ಒಂದು ಮಾತು. ಒಂದು ವರ್ಷ ಒತ್ತಾಗಿ, ಅರೆಹೊಟ್ಟೆಯಲ್ಲಿ ಇಟ್ಟ ಕುಳ್ಳು ಮರಿಯನ್ನು ಅವರು ಕೊಟ್ಟಿದ್ದರೆ ಅದು ಕೆಟ್ಟ ಮರಿಯಲ್ಲ. ಜಾಗ ಮತ್ತು ಊಟ ಸಿಕ್ಕ ಕೂಡಲೇ ಅದು ಹಿಂದಿನ ಬಾಕಿಯನ್ನೂ ಸೇರಿಸಿ ಬೆಳೆಯುತ್ತದೆ. ಆಂಧ್ರದವರು ಇದನ್ನು ಬೇಕಂತಲೇ ಮಾಡುತ್ತಾರೆ.

ಹೇನು

ಮೀನು ಕೊಳದ ಅಂಚಿಗೆ ಮೈ ಉಜ್ಜುತ್ತಿದ್ದರೆ, ಸುಮ್ಮಸುಮ್ಮನೆ ಎಗರುತ್ತಿದ್ದರೆ ಒಂದನ್ನು ಹಿಡಿದು ರೆಕ್ಕೆಯ ಬುಡ ನೋಡಿ. ಚಪ್ಪಟೆಯಾದ, ಅಕ್ಕಿಕಾಳಿನಷ್ಟು ಗಾತ್ರದ, ಗಾಜಿನಂಥ ಹುಳು ಹರಿದಾಡಿದರೆ ಅದು ಮೀನಿನ ಹೇನು. ರಕ್ತ ಹೀರುತ್ತದೆ, ಕಿರಿಕಿರಿಗೆ ಮೀನು ಊಟ ಬಿಡುತ್ತದೆ. ಹೇನು ಗಟ್ಟಿ ಜಾಗ ಹುಡುಕಿ ಮೊಟ್ಟೆ ಅಂಟಿಸುತ್ತದೆ. ಕೊಳದಲ್ಲಿ ಅಲ್ಲಲ್ಲಿ ಬಿದಿರು ನೆಟ್ಟು, ವಾರಕ್ಕೊಮ್ಮೆ ಕಿತ್ತು ಬಿಸಿಲಿಗೆ ಒಣಗಿಸಿದರೆ ಮೊಟ್ಟೆಗಳು ಅಲ್ಲೇ ಸಾಯುತ್ತವೆ. ಔಷಧ ಹಾಕುವುದಾದರೆ ತಾಲ್ಲೂಕು ಮೀನುಗಾರಿಕೆ ಕಚೇರಿಯಲ್ಲಿ ಕೇಳಿಯೇ ಹಾಕಿ. ಪಕ್ಕದ ಹೊಲಕ್ಕೆ ಹೊಡೆದು ಉಳಿದ ಕೀಟನಾಶಕ ತಂದು ಸುರಿಯುವವರನ್ನು ನೋಡಿದ್ದೇನೆ. ಮಾರನೇ ದಿನ ಹೇನೂ ಇರಲಿಲ್ಲ, ಮೀನೂ ಇರಲಿಲ್ಲ.

ಹುಡುಗನ ಕೊಳ ಏನಾಯಿತು

ಎರಡು ವಾರ, ದಿನ ಬಿಟ್ಟು ದಿನ ಬಲೆ ಬೀಸಿ ಸಿಕ್ಕಷ್ಟು ಜಿಲೇಬಿ ತೆಗೆದ. ಸಂತೆಯಲ್ಲಿ ಮಾರಿ ಹಿಂಡಿಯ ಬಾಕಿ ತೀರಿಸಿದ. ಮೇವನ್ನು ಮೂರು ಕೆಜಿಯಿಂದ ಒಂದೂವರೆಗೆ ಇಳಿಸಿ, ಹತ್ತು ಗಂಟೆಗೆ ಮತ್ತು ಮೂರೂವರೆಗೆ, ಚೀಲದಲ್ಲಿ. ನೀರಿನ ಪೈಪಿಗೆ ಸೊಳ್ಳೆಪರದೆ ಎರಡು ಸುತ್ತು ಕಟ್ಟಿದ. ಮಾರ್ಚ್ ಕೊನೆಗೆ ತೂಗಿದಾಗ ಸರಾಸರಿ 280 ಗ್ರಾಂ.

ಮೊನ್ನೆ ಮತ್ತೆ ಫೋನ್ ಮಾಡಿದ್ದ. "ಅಣ್ಣಾ, ಅಂಚಲ್ಲಿ ಜಿಲೇಬಿ ಮರಿ ಕಾಣ್ತಿದಾವೆ." ಕಾಣದೆ ಏನು? ಬಲೆಗೆ ಎಲ್ಲ ಸಿಗುವುದಿಲ್ಲ. ಮೀನು ಮಾರಿ ಮುಗಿದ ಮೇಲೆ ಕೊಳ ಪೂರ್ತಿ ಒಣಗಿಸು ಅಂದೆ. ಒಣಗದಿದ್ದರೆ ಉಳಿದ ಮೀನನ್ನು ಕೊಲ್ಲಲು ಹಿಪ್ಪೆ ಹಿಂಡಿ. ಒಂದು ಮೀಟರ್ ನೀರಿರುವ ಹತ್ತು ಗುಂಟೆಗೆ 250 ಕೆಜಿ, ಹಿಂದಿನ ದಿನ ನೆನೆಹಾಕಿ ಎಲ್ಲ ಕಡೆ ಎರಚಬೇಕು. ಅದರ ವಿಷ ಎರಡು-ಮೂರು ವಾರದಲ್ಲಿ ಇಳಿದು ಕೊಳಕ್ಕೆ ಗೊಬ್ಬರವಾಗುತ್ತದೆ. ಹೊಸ ಮರಿ ಬಿಡುವ ಮುಂಚೆ ಒಂದು ಬಕೆಟ್ ಕೊಳದ ನೀರಿನಲ್ಲಿ ನಾಲ್ಕು ಮರಿ ಇಟ್ಟು ಒಂದು ದಿನ ಕಾಯಲು ಹೇಳಿದ್ದೇನೆ.